ಆರನೆಯ ಜಾಗಕ್ಕೊಂದು ಮೃಗ

ಲಿಫ್ಟಣ್ಣನಿಗೆ ಉಳಿದದ್ದು ಮೂರೇ ಮೂರು ಮಾತು. ಹೂಂ, ಅಯ್ಯೋ, ಸಾಕು. ನಲವತ್ತಾರು ವರ್ಷ ಬಾಯ್ತುಂಬ ಮಾತಾಡಿಕೊಂಡಿದ್ದ ಮನುಷ್ಯ. ಹನ್ನೆರಡನೆಯ ಮಹಡಿಯ ಮೇಲಿನ ಮೆಷಿನ್ ರೂಮಿನಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದಾಗ ತಲೆಯೊಳಗೆ ಎಲ್ಲೋ ರಕ್ತ ಹೆಪ್ಪುಗಟ್ಟಿತು, ಬಲಗೈ ಬಲಗಾಲು ಬಿದ್ದುಹೋದವು, ಅವುಗಳ ಹಿಂದೆಯೇ ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಜೊತೆಗೆ ಬಂದದ್ದು ಈ ಮೂರು. ಇವೇ ಯಾಕೆ ಉಳಿದವು, ಬೇರೆ ಯಾಕಿಲ್ಲ ಎಂದು ತಂಗಿ ಕೇಳಿದ್ದಕ್ಕೆ ಡಾಕ್ಟರು ಕೈ ಚೆಲ್ಲಿದರು. ಕೆಲವರಿಗೆ ಬೈಗುಳ ಮಾತ್ರ ಉಳಿಯುತ್ತದಂತೆ, ಕೆಲವರಿಗೆ ಎಣಿಕೆ ಮಾತ್ರ. ಅವನು ಹೂಂ ಅಂದರೆ ನಂಬಬೇಡಿ ಎಂದೂ ಅವರು ಎಚ್ಚರಿಸಿದ್ದರು. ನಿಜವೇ. ನೀರು ಬೇಕಾ ಎಂದರೂ ಹೂಂ, ಬೇಡವಾ ಎಂದರೂ ಹೂಂ, ನೀನು ಕತ್ತೆಯಾ ಎಂದರೂ ಹೂಂ. ಅಯ್ಯೋ ಅಂತೂ ನೋವಿಗೂ ಅದೇ, ನಗುವಿಗೂ ಅದೇ. ನಂಬುವುದಕ್ಕೆ ಉಳಿದದ್ದು ಸಾಕು ಎಂಬ ಒಂದು ಮಾತು. ಅದನ್ನು ಅವನು ಕಂಡಕಂಡಲ್ಲಿ ಆಡುತ್ತಿರಲಿಲ್ಲ. ಆಡಿದರೆ ಒತ್ತಿ, ಸ್ಪಷ್ಟವಾಗಿ, ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ಆಡುತ್ತಿದ್ದ. ಸಾಕು ಎಂದರೆ ಸಾಕು, ಅದಕ್ಕೆ ಇನ್ನೇನು ಅರ್ಥ ಹುಡುಕುವುದು ಎಂದು ಅವಳು ಅಂದುಕೊಂಡಳು.

ಅವಳನ್ನೂ ಪೂರ್ತಿ ಬೈಯುವಂತಿಲ್ಲ, ಅವಳ ಕೆಲಸವೇ ಹಾಗಿತ್ತು. ಬಸ್ ನಿಲ್ದಾಣದ ಹಿಂದಿನ ಲಾಂಡ್ರಿಯಲ್ಲಿ ಹದಿನಾರು ವರ್ಷದಿಂದ ಕಲೆ ತೆಗೆಯುವವಳು. ಗಿರಾಕಿ ಅಂಗಿಯ ಮಡಿಕೆ ಬಿಚ್ಚಿ ಕೌಂಟರಿನ ಮೇಲೆ ಹರಡುವಷ್ಟರಲ್ಲಿ ಇದು ಕಾಫಿ, ಇದು ತುಕ್ಕು, ಇದು ರಕ್ತ, ನೀವು ಬಿಸಿನೀರು ಹಾಕಿ ಕೆಡಿಸಿದ್ದೀರಿ ಎಂದು ಹೇಳಿಬಿಡುವಳು. ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಮಾತು ಅರ್ಥವಾಗುತ್ತದೆ ಎಂಬ ಹೆಮ್ಮೆ ಅವಳಿಗೆ. ಮನೆಯಲ್ಲೂ ಅದೇ ಚಾಳಿ. ಅಣ್ಣ ಅರ್ಧ ವಾಕ್ಯ ಆಡಿದರೆ ಉಳಿದರ್ಧ ಅವಳೇ ಮುಗಿಸುವಳು. "ಪುಟ್ಟಿ, ನನ್ನ ಮಾತು ನಾನೇ ಆಡ್ಲಾ?" ಎಂದು ಅವನು ಕೈಮುಗಿದು ಬೇಡಿಕೊಳ್ಳುತ್ತಿದ್ದ. ಆಗ ಅದು ಇಬ್ಬರಿಗೂ ನಗುವ ವಿಷಯವಾಗಿತ್ತು.

ಇಬ್ಬರೂ ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದಮೇಲೆ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಉಳಿದರು. ಊರಿನ ಅರ್ಧ ಲಿಫ್ಟುಗಳಿಗೆ ಎಣ್ಣೆ ಹಾಕಿದವನು ಇದ್ದದ್ದು ಲಿಫ್ಟೇ ಇಲ್ಲದ ಕಟ್ಟಡದಲ್ಲಿ. ನೆರೆಯವರು ಅದಕ್ಕೇ ಅವನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟರು. ಅವರ ಬಾಯಿಗೆ ಸಿಕ್ಕ ಇನ್ನೊಂದು ವಿಷಯವೆಂದರೆ ಈ ಅಣ್ಣತಂಗಿಯ ಆಟ. ನಲವತ್ತರ ಆಸುಪಾಸಿನ ಇಬ್ಬರು ಕೈಯಲ್ಲಿ ಅಂಗೈಯಗಲದ ವಿಡಿಯೋ ಗೇಮ್ ಡಬ್ಬಿ ಹಿಡಿದುಕೊಂಡು ಮೃಗಗಳನ್ನು ಕಾದಾಡಿಸುತ್ತಾರೆ ಎಂದರೆ ಯಾರು ಮೂಗು ಮುರಿಯುವುದಿಲ್ಲ ಹೇಳಿ. ಮುರಿಯಲಿ. ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಜೋಡಿ ಪಂದ್ಯದಲ್ಲಿ ಇವರು ಎರಡು ಸಲ ಕೊನೆಯ ಎಂಟರವರೆಗೆ ಹೋಗಿದ್ದರು. ನೆರೆಯವರಲ್ಲಿ ಯಾರು ಯಾವುದರಲ್ಲಿ ಎಲ್ಲಿಯವರೆಗೆ ಹೋಗಿದ್ದರು?

ಆಟ ಹೀಗೆ. ಒಂದು ತಂಡಕ್ಕೆ ಆರು ಮೃಗ. ಬೆಂಕಿಯದು, ನೀರಿನದು, ಕಲ್ಲಿನದು ಎಂದು ನೂರಾರು ಬಗೆ ಇವೆ. ಒಂದೊಂದಕ್ಕೂ ಒಂದೊಂದನ್ನು ಕಂಡರೆ ಹೆದರಿಕೆ. ಎಲ್ಲರೂ ವೇಗದ ಮೃಗಗಳ ಹಿಂದೆ ಬಿದ್ದರೆ ಅಣ್ಣ ಮಾತ್ರ ನಿಧಾನದವನ್ನು ಆರಿಸುತ್ತಿದ್ದ. ಅದಕ್ಕೊಂದು ಯುಕ್ತಿ ಇತ್ತು. ಗೂಬೆದೀಪ ಎಂಬ ಅವನ ಮೃಗ ಉಲ್ಟಾ ಗಳಿಗೆ ಎಂಬ ವಿದ್ಯೆ ಪ್ರಯೋಗಿಸಿದರೆ ಐದು ಸರದಿಯವರೆಗೆ ಕಾಲವೇ ತಿರುಗಿಬೀಳುತ್ತದೆ. ಯಾವುದು ಎಲ್ಲಕ್ಕಿಂತ ನಿಧಾನವೋ ಅದು ಮೊದಲು ಹೊಡೆಯುತ್ತದೆ. ಆಗ ಎದುರಾಳಿಯ ಮಿಂಚಿನ ಕುದುರೆಗಳು ಬಾಲ ಮುದುರಿಕೊಂಡು ಕಾಯಬೇಕು. ಇವರ ಕೆಸರುಮೂತಿ, ಮುಳ್ಳಜ್ಜಿ, ಬಾಣಲೆ, ತೂಕಡಿಕೆ ಒಂದೊಂದಾಗಿ ಆಕಳಿಸುತ್ತ ಬಂದು ತುಳಿದುಹಾಕುತ್ತಿದ್ದವು. ಹೆಸರು ಇಟ್ಟವನೂ ಅಣ್ಣನೇ.

ಕೆಲಸ ಹಂಚಿಕೆಯಾಗಿತ್ತು. ಅವನು ಬೆಳೆಸುವವನು, ಅವಳು ಕಾದುವವಳು. ಮೃಗ ಹುಟ್ಟುವುದು ಮೊಟ್ಟೆಯಿಂದ. ಮೊಟ್ಟೆ ಒಡೆದಾಗ ಅದರ ಬಲ ಎಷ್ಟು, ವೇಗ ಎಷ್ಟು ಎಂಬ ಲೆಕ್ಕ ಪರದೆಯ ಮೇಲೆ ಬರುವುದಿಲ್ಲ. ಸ್ವಭಾವ ಹೇಳುವ ಒಂದು ಸಾಲು ಬರುತ್ತದೆ, ಅಷ್ಟೇ. ಆ ಸಾಲನ್ನು ಓದಿ, ಇದು ಮುಂದೆ ಏನಾಗುತ್ತದೆ ಎಂದು ಹೇಳಬಲ್ಲವನು ಬೆಳೆಸುವವನು. ನೂರು ಮೊಟ್ಟೆಯಲ್ಲಿ ಒಂದೆರಡು ಕೆಲಸಕ್ಕೆ ಬಂದರೆ ಹೆಚ್ಚು. ಅಣ್ಣ ಇದನ್ನೆಲ್ಲ ಮಾಡುತ್ತಿದ್ದುದು ಊಟದ ಬಿಡುವಿನಲ್ಲಿ, ಮೆಷಿನ್ ರೂಮಿನಲ್ಲಿ ಕೂತು. ಎರಡು ಮೂರು ತಿಂಗಳಿಗೊಮ್ಮೆ ಸಂಜೆ ಬಂದು, ಬೆಳೆಸಿ ತಂದ ಮೃಗವೊಂದನ್ನು ತಂಗಿಯ ಡಬ್ಬಿಗೆ ದಾಟಿಸುವನು. ಅವಳು ಅದನ್ನು ಎತ್ತಿಕೊಂಡು ಕಾದುವಳು. ಅದಕ್ಕೆ ಮುಂಚೆ ಎಷ್ಟು ಮೊಟ್ಟೆ ಒಡೆದವು, ಅವನ್ನು ಹೇಗೆ ಆರಿಸಿದ, ಅವಳು ಕೇಳಿದವಳೇ ಅಲ್ಲ. ಬಟ್ಟೆ ಒಗೆದು ಬಂದರೆ ಸಾಲದೇ, ನೀರು ಎಲ್ಲಿಂದ ಬಂತು ಎಂದು ಯಾರು ಕೇಳುತ್ತಾರೆ?

ಅಣ್ಣ ಬಿದ್ದಾಗ ತಂಡದಲ್ಲಿ ಐದು ಮೃಗಗಳಿದ್ದವು. ಆರನೆಯ ಜಾಗ ಖಾಲಿ ಇತ್ತು.

ಮನೆಗೆ ಬಂದ ಎರಡನೆಯ ತಿಂಗಳು ಆಸ್ಪತ್ರೆಯವರು ಮಾತಿನ ಟೀಚರನ್ನು ಕಳಿಸಿದರು. ಮಂಗಳವಾರ, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬರುವರು. ತೆಳ್ಳಗಿನ ಹೆಂಗಸು, ಮೂರು ಮಹಡಿ ಹತ್ತಿ ಬಂದು ಎರಡು ನಿಮಿಷ ಏದುಸಿರು ಬಿಟ್ಟು, ಚೀಲದಿಂದ ಅರವತ್ತು ಚಿತ್ರದ ಕಾರ್ಡುಗಳ ಕಟ್ಟು ತೆಗೆದು ಊಟದ ಮೇಜಿನ ಮೇಲೆ ಒಂದೊಂದಾಗಿ ಇಡುತ್ತಿದ್ದರು. ಇದೇನು, ಇದನ್ನು ಏನಂತಾರೆ, ನನ್ನ ತುಟಿ ನೋಡಿ. ಅಣ್ಣ ಬೆವರುತ್ತಿದ್ದ. ಬಾಯಿ ಸೊಟ್ಟಗಾಗಿ, ಕುತ್ತಿಗೆಯ ನರ ಉಬ್ಬಿ, ಹೊರಬರುತ್ತಿದ್ದುದು ಬರೀ ಗಾಳಿ. ಬಾಗಿಲ ಹತ್ತಿರ ನಿಂತ ತಂಗಿ ನೋಡಲಾರದೆ ಮುಖ ಆಚೆ ಮಾಡುತ್ತಿದ್ದಳು. ಹತ್ತು ಕಾರ್ಡೋ ಇಪ್ಪತ್ತು ಕಾರ್ಡೋ ಆದಮೇಲೆ ಅವನು ಎಡಗೈಯನ್ನು ಒಂದು ಕಾರ್ಡಿನ ಮೇಲೆ ಅದುಮಿ "ಸಾಕು" ಎನ್ನುವನು. ತಂಗಿ ತಕ್ಷಣ ಮುಂದೆ ಬಂದು, ಇವತ್ತಿಗೆ ನಿಲ್ಲಿಸಿ ಟೀಚರ್, ಸುಸ್ತಾಗಿದೆ ಎನ್ನುವಳು. ಅಣ್ಣ ಮೇಜು ಗುದ್ದುವನು. ನೋಡಿ, ಕೋಪ ಬೇರೆ ಬಂತು ಎಂದು ಅವಳು ಕಾರ್ಡು ಬಾಚಿ ಕೊಡುವಳು.

ಹೀಗೆ ಮೂರು ವಾರ ಆಯಿತು, ಆರು ಪಾಠ. ಆರನೆಯ ದಿನ ಅವನು ಸಾಕು ಎಂದದ್ದಷ್ಟೇ ಅಲ್ಲ, ಅತ್ತ. ಅವಳಿಗೆ ತಡೆಯಲಾಗಲಿಲ್ಲ. ಟೀಚರನ್ನು ಮೆಟ್ಟಿಲವರೆಗೆ ಕರೆದುಕೊಂಡು ಹೋಗಿ ಹೇಳಿದಳು, "ಇನ್ನು ಬರಬೇಡಿ ಟೀಚರ್. ಅವನಿಗಿರೋದು ಒಂದೇ ನಂಬೋ ಮಾತು. ಅದರಲ್ಲೂ ಸಾಕು ಅಂತಾನೇ ಹೇಳ್ತಿದಾನೆ. ನಾನು ಕೇಳಿಸ್ಕೊಳ್ದೆ ಇದ್ರೆ ಇನ್ಯಾರು ಕೇಳಿಸ್ಕೋತಾರೆ?"

ಟೀಚರ್ ಸುಲಭಕ್ಕೆ ಒಪ್ಪಲಿಲ್ಲ. ಮೊದಲ ಆರು ತಿಂಗಳಲ್ಲಿ ಎಷ್ಟು ಸಾಧ್ಯವೋ ಅಷ್ಟು ಮಾತು ಎಳೆದುಕೊಳ್ಳಬೇಕು, ಆಮೇಲೆ ಕಷ್ಟ, ಅಳು ಕೋಪ ಎಲ್ಲ ಇದ್ದದ್ದೇ ಎಂದು ಬಿಡಿಸಿ ಹೇಳಿದರು. ತಂಗಿ ಪಟ್ಟು ಬಿಡಲಿಲ್ಲ. ಟೀಚರ್ ಒಂದು ಕಾಗದಕ್ಕೆ ಅವಳ ಸಹಿ ಹಾಕಿಸಿಕೊಂಡು ಇಳಿದು ಹೋದರು. ಅಣ್ಣನ ಪರವಾಗಿ ಜಗತ್ತಿಗೆ ಎದುರು ನಿಂತೆ ಎಂದು ಅವಳಿಗೆ ಆ ದಿನ ಒಳಗೊಳಗೇ ಸಮಾಧಾನ. ಜೊತೆಗೆ, ಇನ್ನು ಆ ಸೊಟ್ಟಬಾಯಿಯ ಒದ್ದಾಟ ನೋಡಬೇಕಾಗಿಲ್ಲ ಎಂಬ ಸಮಾಧಾನವೂ ಇತ್ತು. ಅದನ್ನು ಅವಳು ಅವತ್ತು ತನಗೇ ಹೇಳಿಕೊಳ್ಳಲಿಲ್ಲ.

ಹಾಗಂತ ಅವನನ್ನು ಗೋಡೆ ನೋಡುತ್ತ ಕೂರಿಸಿದಳು ಎಂದುಕೊಳ್ಳಬೇಡಿ. ಮನಸ್ಸಿಗೆ ಏನಾದರೂ ಬೇಕಲ್ಲ. ಜೋಡಿ ಪಂದ್ಯಕ್ಕೆ ಇನ್ನೂ ಸಮಯವಿತ್ತು. ತಂಡದ ಪಟ್ಟಿ ಕಳಿಸಲು ಒಂದು ಭಾನುವಾರ ಗಡುವು. ಆರೂ ಹೆಸರು ಇರಬೇಕು, ಐದು ನಡೆಯುವುದಿಲ್ಲ. ಅಣ್ಣ ಪಕ್ಕದಲ್ಲಿ ಕೂತಿದ್ದರೆ ಸಾಕು, ಎರಡು ಡಬ್ಬಿಯನ್ನೂ ನಾನೇ ಆಡುತ್ತೇನೆ ಎಂದು ಪಂದ್ಯದವರಿಗೆ ಬರೆದು ಒಪ್ಪಿಗೆ ತರಿಸಿಕೊಂಡಳು. ಉಳಿದದ್ದು ಆರನೆಯ ಮೃಗ. ಕಲ್ಲುಕರಡಿ ಜಾತಿಯ ಮೊಟ್ಟೆಗಳನ್ನು ಅಣ್ಣನ ಡಬ್ಬಿಯಲ್ಲಿ ಕೂಡಿಟ್ಟು, ದಿನಾ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಅವನ ಪಕ್ಕ ಕೂತು ಒಂದೊಂದೇ ಒಡೆಯತೊಡಗಿದಳು. ಆಸ್ಪತ್ರೆಯಿಂದ ಬಂದಮೇಲೆ ಮೊದಲ ಸಲ ಅವನ ಮುಖಕ್ಕೆ ರಕ್ತ ಬಂತು. ನೇರ ಕೂತ. ಪರದೆಯ ಮೇಲೆ ಸಾಲು ಮೂಡುತ್ತಲೇ ಓದುತ್ತಾನೋ ಎಂಬಂತೆ ಕಣ್ಣು ಎಡದಿಂದ ಬಲಕ್ಕೆ ಹರಿಯುತ್ತಿತ್ತು.

"ಊಟಕ್ಕೆ ಓಡಿಬರುತ್ತದೆ." ಅಣ್ಣ ಸುಮ್ಮನೆ ಮುಖ ತಿರುಗಿಸಿದ. "ಬೆನ್ನು ಮುಟ್ಟಿದರೆ ಕೆರಳುತ್ತದೆ." ಮತ್ತೆ ಮುಖ ತಿರುಗಿಸಿದ. ಹದಿನಾಲ್ಕನೆಯದಕ್ಕೆ ಸ್ವಲ್ಪ ಯೋಚಿಸಿ "ಸಾಕು" ಎಂದ. ಅವಳು ಡಬ್ಬಿ ಮುಚ್ಚಿ, ನಾಳೆ ನೋಡೋಣ, ಮಲಗು ಎಂದಳು. ಅವನು ಎಡಗೈಯಲ್ಲಿ ಡಬ್ಬಿಗಾಗಿ ತಡಕಾಡಿದ. ಅವಳು ಅದನ್ನು ಕಪಾಟಿನ ಮೇಲಿಟ್ಟಳು. ಮರುದಿನ ಹದಿನೈದನೆಯದರಿಂದ ಶುರು. ಇನ್ನೊಂದು ದಿನ ಮೂವತ್ತಾರನೆಯದಕ್ಕೆ ಮತ್ತೆ ಸಾಕು ಎಂದ. ಮತ್ತೆ ಮುಚ್ಚಿದಳು. ಅವನ ತಾಳ್ಮೆ ದಿನೇದಿನೇ ಕುಗ್ಗುತ್ತಿದೆ, ಆಟವೂ ಅವನಿಗೆ ಭಾರವಾಗುತ್ತಿದೆ ಎಂದು ಅವಳಿಗೆ ಖಾತ್ರಿಯಾಗುತ್ತ ಬಂತು.

ಅರವತ್ತೊಂದನೆಯ ಮೊಟ್ಟೆ ಒಡೆದದ್ದು ಗಡುವಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಬೂದುಬಣ್ಣದ ಸಣ್ಣ ಕಲ್ಲುಗುಂಡು, ಎರಡು ಕಣ್ಣು. ಕೆಳಗೆ ಸಾಲು ಬಂತು: "ಕರೆದರೆ ತಿರುಗಿ ನೋಡುತ್ತದೆ, ಎದ್ದು ಬರುವುದಿಲ್ಲ." ಅಣ್ಣ ಮುಂದಕ್ಕೆ ಬಾಗಿದ. ಬಾಗಿದ ರಭಸಕ್ಕೆ ಕುರ್ಚಿಯಿಂದ ಬೀಳಬೇಕಿತ್ತು, ಅವಳು ಹಿಡಿದುಕೊಂಡಳು. "ಸಾಕು," ಎಂದ. ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಸಾಕು, ಸಾಕು, ಸಾಕು" ಎಂದ.

ಇಷ್ಟು ದಿನ ಇವನನ್ನು ಹಿಂಸೆ ಮಾಡಿದೆನಲ್ಲ ಎಂದುಕೊಂಡಳು. ಆಯಿತು ಅಣ್ಣ, ಇನ್ನು ಮುಂದೆ ಇಲ್ಲ, ನಿನ್ನಾಣೆ ಇಲ್ಲ ಎಂದಳು. ಬರೀ ಮುಚ್ಚಿಟ್ಟರೆ ನಾಳೆ ಮತ್ತೆ ನನಗೇ ಆಸೆ ಹುಟ್ಟೀತು ಎಂದು, ಅವನ ಕಣ್ಣೆದುರಿಗೇ, ಆ ತಿಂಗಳು ಹುಟ್ಟಿದ ಅರವತ್ತೊಂದು ಮರಿಗಳನ್ನೂ ಗುರುತು ಮಾಡಿ ಬಿಡುಗಡೆಯ ಗುಂಡಿ ಒತ್ತಿದಳು. ಬಿಟ್ಟದ್ದು ಮತ್ತೆ ಸಿಗುವುದಿಲ್ಲ, ನಿಜವಾಗಿಯೂ ಬಿಡಬೇಕೇ ಎಂದು ಆಟ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದಳು. ಸಾಲಾಗಿ ಒಂದೊಂದೇ ಮರಿ ಪರದೆಯಂಚಿಗೆ ನಡೆದು ಕಾಣೆಯಾದವು. ಆ ಕಲ್ಲುಗುಂಡು ಎಲ್ಲಕ್ಕಿಂತ ನಿಧಾನವಾದ್ದರಿಂದ ಕೊನೆಗೆ ಹೋಯಿತು.

"ಅಯ್ಯೋ," ಎಂದ ಅಣ್ಣ. ಆಮೇಲೆ ಬಹಳ ಹೊತ್ತು ಅತ್ತ. ಇಂಥವರಿಗೆ ಅಳು ಕಾರಣವಿಲ್ಲದೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಅವಳು ಮುಖ ಒರೆಸಿ, ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂರಿಸಿದಳು. ಭಾನುವಾರದ ಗಡುವು ಬಂತು, ಹೋಯಿತು.

ಆಮೇಲೆ ಮನೆ ಶಾಂತವಾಯಿತು. ಅಣ್ಣ ಮೇಜು ಗುದ್ದುವುದು ನಿಂತಿತು, ಅಳುವುದು ನಿಂತಿತು. ಸಾಕು ಎನ್ನುವುದೂ ನಿಂತಿತು. ಹೂಂ ಒಂದೇ, ಅಪರೂಪಕ್ಕೆ ಅಯ್ಯೋ. ನೋಡಿದಿರಾ, ಕಾಟ ಕೊಡುವುದು ಬಿಟ್ಟಮೇಲೆ ಎಷ್ಟು ಹಗುರಾಗಿದ್ದಾನೆ ಎಂದು ಅವಳು ಲಾಂಡ್ರಿಯ ಯಜಮಾನಿಯ ಹತ್ತಿರ ಹೇಳಿಕೊಂಡಳು. ದೇವರು ಒಳ್ಳೆಯದು ಮಾಡಲಿ ಎಂದು ಯಜಮಾನಿ ನಿಟ್ಟುಸಿರು ಬಿಟ್ಟಳು. ಹೀಗೆ ಎರಡು ತಿಂಗಳು ಹೋದವು.

ಐದನೆಯ ತಿಂಗಳ ಕೊನೆಗೆ ಗ್ರೀಸಪ್ಪ ಬಂದ. ಅಣ್ಣನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದವನು, ಎಷ್ಟು ತೊಳೆದರೂ ಉಗುರು ಕಪ್ಪು, ಅದಕ್ಕೇ ಆ ಹೆಸರು. ಆ ಮೆಷಿನ್ ರೂಮನ್ನು ಖಾಲಿ ಮಾಡಿಸುವಾಗ ಮೋಟರಿನ ಹಿಂದೆ ಅಣ್ಣನ ಹಳೆಯ ಸಲಕರಣೆ ಚೀಲ ಸಿಕ್ಕಿತೆಂದು ತಂದಿದ್ದ. ಅಣ್ಣನ ಎದುರು ಕೂತು ಒಂದಷ್ಟು ಹೊತ್ತು ಒಬ್ಬನೇ ಮಾತಾಡಿದ. ಪ್ರತಿ ಮಾತಿಗೂ ಹೂಂ ಬಂತು. ಎದ್ದು ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತ. ತಂಗಿ ಚೀಲ ಬಿಚ್ಚಿದಳು. ಸ್ಪ್ಯಾನರುಗಳು, ಎಣ್ಣೆ ಬಟ್ಟೆ, ಒಂದು ಟಾರ್ಚು, ತಳದಲ್ಲಿ ರಟ್ಟು ಹರಿದ ಒಂದು ನೋಟ್ ಪುಸ್ತಕ.

ಪುಸ್ತಕದ ತುಂಬ ಅಣ್ಣನ ದುಂಡಗಿನ ಅಕ್ಷರ. ಎಡಕ್ಕೆ ಮೊಟ್ಟೆಯ ಸಂಖ್ಯೆ, ನಡುವೆ ಅದರ ಸಾಲು, ಬಲಕ್ಕೆ ಒಂದೇ ಮಾತು. ಬಿಡು. ಬಿಡು. ಬಿಡು. ಬಿಡು. ಪುಟ ತಿರುವಿದಷ್ಟೂ ಬಿಡು. ಅಲ್ಲೊಂದು ಇಲ್ಲೊಂದು ಕಡೆ ಸಾಕು, ಅದರ ಕೆಳಗೆ ಗೆರೆ. ಪಾಪ, ಆಗಲೂ ಮಧ್ಯೆ ಮಧ್ಯೆ ಬೇಸರ ಬರುತ್ತಿತ್ತೇನೋ, ಸಾಕು ಎಂದು ಬರೆದು ಎದ್ದುಬಿಡುತ್ತಿದ್ದ ಎಂದು ಅವಳು ಸಣ್ಣಗೆ ನಕ್ಕು ಗ್ರೀಸಪ್ಪನಿಗೆ ತೋರಿಸಿದಳು.

ಗ್ರೀಸಪ್ಪನೂ ನಕ್ಕ. "ಅಯ್ಯೋ, ಇದೇ ಪುಸ್ತಕ ಕಣಮ್ಮ. ದಿನಾ ಊಟದ ಹೊತ್ತಲ್ಲಿ ಇದೇ ಪಾರಾಯಣ. ಬಿಡು, ಬಿಡು, ಬಿಡು ಅಂತಿರೋನು. ಯಾವಾಗ್ಲೋ ಒಂದ್ಸಲ ಸಾಕು ಅಂತ ಕೂಗೋನು. ಏನಣ್ಣ, ಊಟ ಸಾಕಾ ಅಂತ ನಾವು ರೇಗಿಸೋದು. ಸಾಕೋದು ಕಣ್ರೋ ದಡ್ಡರಾ, ಇದನ್ನ ಸಾಕೋದು, ಇದು ನನ್ನ ತಂಗಿಗೆ ಅನ್ನೋನು."

ಅವಳ ಕೈ ಪುಟದ ಮೇಲೆ ನಿಂತಿತು. ಗೆರೆ ಎಳೆದ ಒಂದು ಸಾಲು ಓದಿದಳು: "ಕೆಸರು ಕಂಡರೆ ಮೂತಿ ಇಡುತ್ತದೆ." ಅದರ ಮುಂದೆ ಸಾಕು. ಅದು ಕೆಸರುಮೂತಿ. ಇನ್ನೊಂದು ಗೆರೆ ಮುಳ್ಳಜ್ಜಿಯದು. ಬಾಣಲೆಯದು, ತೂಕಡಿಕೆಯದು, ಗೂಬೆದೀಪದ್ದು. ಸಾಕು ಎಂದು ಬರೆದದ್ದೆಲ್ಲ ತಂಡದಲ್ಲಿತ್ತು. ಬಿಡು ಎಂದು ಬರೆದದ್ದು ಒಂದೂ ಇರಲಿಲ್ಲ. ಗ್ರೀಸಪ್ಪ ಇನ್ನೂ ಏನೋ ಹೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ.

ಅವನು ಹೋದಮೇಲೆ ಅವಳು ಅಡುಗೆಮನೆಯ ನೆಲದ ಮೇಲೆ ಕೂತಳು. ನೆನಪುಗಳು ಬೇಡವೆಂದರೂ ಸಾಲುಗಟ್ಟಿ ಬಂದವು. ಊಟ ಮುಗಿದಾಗ ಅಣ್ಣ ಒಂದು ದಿನವೂ ಸಾಕು ಎಂದಿರಲಿಲ್ಲ. ತುಟಿ ಬಿಗಿ ಹಿಡಿದು ತಟ್ಟೆ ಸರಿಸುತ್ತಿದ್ದ. ಸ್ನಾನದ ನೀರು ಬಿಸಿಯಾದಾಗ ಕೈ ಎತ್ತುತ್ತಿದ್ದ. ಬೇಡ ಎನ್ನುವುದಕ್ಕೆ ಅವನಿಗೆ ಮೈಯೆಲ್ಲ ಇತ್ತು, ಮಾತು ಬೇಕಾಗಿರಲಿಲ್ಲ. ಇದ್ದ ಒಂದು ಮಾತನ್ನು ಅವನು ಬೇಕು ಎನ್ನುವುದಕ್ಕೆ ಇಟ್ಟುಕೊಂಡಿದ್ದ. ಅವನು ಸಾಕು ಸಾಕು ಎಂದು ಮಣಿಕಟ್ಟು ಹಿಡಿದು ಬೇಡಿಕೊಂಡಾಗ ಅವಳು ಹೌದು, ಹೌದು ಎಂದು ಎರಡು ಸಲ ಗುಂಡಿ ಒತ್ತಿದ್ದಳು. ಸಾಕಾಗಿದ್ದದ್ದು ಅವನಿಗಲ್ಲ, ಅವಳಿಗೆ. ಅವನ ಒದ್ದಾಟ ನೋಡಿ ನೋಡಿ ಅವಳಿಗೇ ಸಾಕಾಗಿತ್ತು. ಅದನ್ನು ಅವನ ಬಾಯಿಂದ ಕೇಳಿಸಿಕೊಂಡಿದ್ದಳು.

ಎದ್ದು ಅವನ ಕಾಲ ಹತ್ತಿರ ಹೋಗಿ ಕೂತು, ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟಳು. "ಅಣ್ಣ, ನಾನು ತಪ್ಪು ತಿಳ್ಕೊಂಡೆ. ನೀನು ಸಾಕು ಅಂದಿದ್ದು ಸಾಕೋಕೆ ಅಂತ. ನಂಗೆ ಗೊತ್ತಾಗ್ಲಿಲ್ಲ. ಎಲ್ಲಾ ಬಿಟ್ಬಿಟ್ಟೆ."

ಅವನು ಪುಸ್ತಕ ನೋಡಿದ, ಅವಳನ್ನು ನೋಡಿದ. "ಹೂಂ," ಎಂದ.

ಮರುದಿನದಿಂದ ಅವಳು ಹುಚ್ಚುಹಿಡಿದವಳ ಹಾಗೆ ಮೊಟ್ಟೆ ಒಡೆದಳು. ಪಂದ್ಯ ಎಂದೋ ಮುಗಿದಿತ್ತು, ಯಾರಿಗೆ ಬೇಕಿತ್ತು ಪಂದ್ಯ. ಆ ಒಂದು ಮಾತು ಇನ್ನೊಂದು ಸಲ ಅವನ ಬಾಯಿಂದ ಬರಬೇಕು, ಅಷ್ಟೇ. ಒಂದು ವಾರದಲ್ಲಿ ನೂರಾ ಹತ್ತು ಮೊಟ್ಟೆ ಒಡೆದವು. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಬಾಯಿ ಮುಚ್ಚಿಕೊಂಡು, ನೂರರವರೆಗೆ ಮನಸ್ಸಿನಲ್ಲಿ ಎಣಿಸುತ್ತ ಕಾದಳು. ಜೀವನದಲ್ಲಿ ಯಾರ ಉತ್ತರಕ್ಕೂ ಅವಳು ಅಷ್ಟು ಹೊತ್ತು ಕಾದಿರಲಿಲ್ಲ. ಅಣ್ಣ ಪರದೆಯನ್ನು ನೋಡುತ್ತಿದ್ದ. ಕಣ್ಣು ಎಡದಿಂದ ಬಲಕ್ಕೆ ಹರಿಯುತ್ತಿರಲಿಲ್ಲ, ಒಂದೇ ಕಡೆ ನಿಂತಿರುತ್ತಿತ್ತು. ಒಂದು ಮರಿಗೂ ಮುಖ ತಿರುಗಿಸಲಿಲ್ಲ, ಒಂದಕ್ಕೂ ಬಾಗಲಿಲ್ಲ. ನೂರಾ ಹತ್ತಕ್ಕೂ ಹೂಂ.

ಎಂಟನೆಯ ದಿನ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಮಾತಿನ ಟೀಚರು ಕೂರುತ್ತಿದ್ದುದು ನೆಲಮಾಳಿಗೆಯ ಒಂದು ಕಿರುಕೋಣೆಯಲ್ಲಿ, ಎರಡು ಕುರ್ಚಿ, ಒಂದು ಕನ್ನಡಿ, ಗೋಡೆಯುದ್ದಕ್ಕೂ ಫೈಲುಗಳು. ತಂಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಮೊಟ್ಟೆ, ಪುಸ್ತಕ, ಬಿಡು, ಸಾಕು, ತನ್ನ ಸಹಿ. ಮಧ್ಯೆ ನೀರು ಕುಡಿದು ಮತ್ತೆ ಹೇಳಿದಳು. ಟೀಚರ್ ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಕೇಳಿ ಮುಗಿದಮೇಲೆ ಎದ್ದು ಅಣ್ಣನ ಫೈಲು ತೆಗೆದು, ಮೊದಲ ಹಾಳೆಯನ್ನು ತಮ್ಮಷ್ಟಕ್ಕೆ ಓದಿದರು. ಓದುತ್ತ ಓದುತ್ತ ಕನ್ನಡಕ ತೆಗೆದರು.

ಪ್ರತಿ ಪಾಠದಲ್ಲಿ ರೋಗಿ ಎಲ್ಲಿ ನಿಲ್ಲಿಸಿದ ಎಂದು ಅವರು ಬರೆದಿಡಬೇಕಾಗಿತ್ತು, ಅದು ಆಸ್ಪತ್ರೆಯ ಪದ್ಧತಿ. ಕೊನೆಗೆ ತೋರಿಸಿದ ಕಾರ್ಡು ಯಾವುದು, ಅದಕ್ಕೆ ರೋಗಿ ಏನೆಂದ. ಆರು ಪಾಠಕ್ಕೆ ಆರು ಸಾಲು. ಎಲ್ಲದರ ಮುಂದೆ ಒಂದೇ ಷರಾ ಇತ್ತು, ಸಾಕು ಎಂದರು, ನಿಲ್ಲಿಸಲಾಯಿತು.

"ಓದ್ಲಾ?" ಎಂದು ಟೀಚರ್ ಕೇಳಿದರು. ತಂಗಿ ತಲೆಯಾಡಿಸಿದಳು. "ಮೊದಲ್ನೇ ದಿನ, ಕೀಲಿ. ಆಮೇಲೆ ನೀರು. ಮೂರನೇದು ಮೆಟ್ಟಿಲು. ನಾಲ್ಕು, ಚಪ್ಪಲಿ. ಐದು, ಕಿಟಕಿ." ಅಲ್ಲಿ ಅವರು ನಿಂತರು. ಆರನೆಯ ಸಾಲಿನ ಮೇಲೆ ಬೆರಳಿಟ್ಟು ಹಾಳೆಯನ್ನು ಅವಳ ಕಡೆಗೆ ತಿರುಗಿಸಿದರು.

ಆರನೆಯದು ತಂಗಿ. ಎರಡು ಜಡೆಯ ಹುಡುಗಿಯೊಬ್ಬಳು ದೊಡ್ಡ ಹುಡುಗನ ಕೈ ಹಿಡಿದುಕೊಂಡ ಚಿತ್ರ. ಅರವತ್ತು ಕಾರ್ಡುಗಳ ಕಟ್ಟಿನಿಂದ ಅಣ್ಣ ಆರನ್ನು ಆರಿಸಿ ತನ್ನ ತಂಡ ಕಟ್ಟಿಕೊಂಡಿದ್ದ. ಈ ಮಾತುಗಳನ್ನು ನನ್ನಲ್ಲಿ ಸಾಕು, ಉಳಿದದ್ದು ಬಿಡು ಎಂದು ದಿನಕ್ಕೊಂದರಂತೆ ಕೈಯಿಟ್ಟು ತೋರಿಸಿದ್ದ. ತಂಗಿ ಎಂಬ ಮಾತಿನ ಮೇಲೆ ಕೈ ಅದುಮಿ ಅವನು ಅತ್ತ ದಿನವೇ ಅವಳು ಟೀಚರಿಗೆ ಮೆಟ್ಟಿಲು ತೋರಿಸಿದ್ದಳು.

ಟೀಚರ್ ಆ ಶುಕ್ರವಾರವೇ, ಯಾವ ಸರದಿ ಪಟ್ಟಿಗೂ ಕಾಯದೆ, ಮೂರು ಮಹಡಿ ಹತ್ತಿ ಬಂದರು. ಮೇಜಿನ ಮೇಲೆ ಅದೇ ಆರು ಕಾರ್ಡುಗಳನ್ನು ಜೋಡಿಸಿದರು. ತಂಗಿ ಈ ಸಲ ಬಾಗಿಲ ಹತ್ತಿರ ನಿಲ್ಲಲಿಲ್ಲ, ಪಕ್ಕದಲ್ಲೇ ಕೂತಳು. ಇದೇನು? ಹೂಂ. ಇದು? ಹೂಂ. ಕೀಲಿಗೂ ಹೂಂ, ನೀರಿಗೂ ಹೂಂ. ಟೀಚರ್ ಅಣ್ಣನ ಎಡಗೈ ಎತ್ತಿ ಒಂದು ಕಾರ್ಡಿನ ಮೇಲಿಟ್ಟರು. ಕೈ ಅಲ್ಲೇ ಬಿದ್ದುಕೊಂಡಿತು, ಅದುಮಲಿಲ್ಲ. ಒಂದು ಕಾರ್ಡನ್ನು ಮಗುಚಿ ಖಾಲಿ ಬೆನ್ನು ತೋರಿಸಿದರು, ಅದಕ್ಕೂ ಹೂಂ. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಬೆವರಲಿಲ್ಲ, ಕುತ್ತಿಗೆಯ ನರ ಉಬ್ಬಲಿಲ್ಲ, ಬಾಯಿ ಸೊಟ್ಟಗಾಗಲಿಲ್ಲ. ಯಾವ ಒದ್ದಾಟವನ್ನು ನೋಡಲಾರೆ ಎಂದು ಅವಳು ಬಾಗಿಲು ಹಾಕಿದ್ದಳೋ ಅದು ಈಗ ಒಂದಿಷ್ಟಾದರೂ ಕಾಣಲಿ ಎಂದು ಹಲ್ಲು ಕಚ್ಚಿಕೊಂಡು ನೋಡಿದಳು.

ಹೊರಡುವಾಗ ಟೀಚರ್ ಮೆಟ್ಟಿಲ ಹತ್ತಿರ ನಿಂತರು. "ವಾಪಸ್ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ," ಎಂದರು. "ಆಗ ಅವರೇ ಎಳೀತಿದ್ರು, ನಾವು ಹಿಡ್ಕೋಬೇಕಿತ್ತು. ಈಗ ಎಳೆಯೋರೇ ಇಲ್ಲ." ತಪ್ಪು ನನ್ನದೂ ಹೌದು, ನಾನೂ ಸಾಕು ಅಂದರೆ ಸಾಕು ಅಂತಲೇ ಬರೆದೆ ಎಂದೂ ಹೇಳಿದರು. ಆರು ಕಾರ್ಡುಗಳನ್ನು ಅವಳ ಕೈಯಲ್ಲಿ ಬಿಟ್ಟು, ಮಂಗಳವಾರ ಬರುತ್ತೇನೆಂದು ಇಳಿದು ಹೋದರು.

ಅವಳು ಒಳಗೆ ಬಂದು ಅಣ್ಣನ ಎದುರು ಕುರ್ಚಿ ಹಾಕಿಕೊಂಡಳು. ಎರಡು ಜಡೆಯ ಹುಡುಗಿಯ ಕಾರ್ಡನ್ನು ತನ್ನ ಕೆನ್ನೆಯ ಪಕ್ಕ ಹಿಡಿದಳು. ಮೂವತ್ತೆಂಟು ವರ್ಷದ ಮುಖ, ಲಾಂಡ್ರಿಯ ಸೋಡಾ ನೀರಿಗೆ ಸುಕ್ಕುಗಟ್ಟಿದ ಬೆರಳು, ಪಕ್ಕದಲ್ಲಿ ರಿಬ್ಬನ್ನಿನ ಹುಡುಗಿ.

"ಅಣ್ಣ, ಇದು ಯಾರು ಹೇಳು."

ಅವನು ಕಾರ್ಡು ನೋಡಿದ. ಅವಳ ಮುಖ ನೋಡಿದ.

"ಹೂಂ."

"ಯಾರು, ಹೇಳು. ನಾನು ಹೇಳಲ್ಲ. ಈ ಸಲ ನಾನು ಮುಗಿಸಲ್ಲ. ನೀನೇ ಹೇಳು."

"ಹೂಂ," ಎಂದ, ತುಂಬ ಮೃದುವಾಗಿ, ಅವಳಿಗೆ ಏನೋ ಬೇಕಾಗಿದೆ, ಕೊಟ್ಟುಬಿಡೋಣ ಎನ್ನುವವನ ಹಾಗೆ.

ಲಾಂಡ್ರಿಯಿಂದ ಎರಡು ಸಲ ಫೋನ್ ಬಂತು. ಅವಳು ಎತ್ತಲಿಲ್ಲ. ಕೈ ಸೋತಾಗ ಕಾರ್ಡನ್ನು ಇನ್ನೊಂದು ಕೈಗೆ ಬದಲಿಸಿ, ಮತ್ತೆ ಮುಖದ ಪಕ್ಕ ಹಿಡಿದು, ನೂರರವರೆಗೆ ಎಣಿಸತೊಡಗಿದಳು.